ಒಂದು ಚಮಚ ಜಾಯಿಕಾಯಿ

ಸೋಮವಾರ ಸಂಜೆ ಆರೂವರೆಗೆ ಕನ್ನಡಕದಂಗಡಿಯ ಬಾಗಿಲಿನ ಫಲಕವನ್ನು ‘ಮುಚ್ಚಿದೆ’ ಎಂದು ತಿರುಗಿಸಲು ಹೋದ ಕನ್ನಡಕದವನ ಮೂಗಿನ ನೇರಕ್ಕೆ ಒಂದು ಸ್ಟೀಲ್ ಡಬ್ಬ ಬಂದು ನಿಂತಿತು. ಡಬ್ಬದ ಹಿಂದೆ ಪಕ್ಕದ ಹೂವಿನಂಗಡಿಯವಳು.

“ಡಾಕ್ಟ್ರೇ, ಬಾಯಿ ತೆಗೀರಿ.”

“ನಾನು ಡಾಕ್ಟರಲ್ಲ,” ಎಂದ ಅವನು. ಎರಡು ವರ್ಷದಿಂದ ಅವಳಿಗೆ ಇದನ್ನೇ ಹೇಳುತ್ತ ಬಂದಿದ್ದ. “ಅಲ್ಲದೆ ಬಾಯಿ ತೆಗೆಸೋದು ಹಲ್ಲಿನವರು. ನನ್ನದು ಕಣ್ಣು.”

“ಹಾಗಾದ್ರೆ ಕಣ್ಣು ಮುಚ್ಚಿ ಬಾಯಿ ತೆಗೀರಿ.”

ತೆಗೆದ. ಬೆಚ್ಚಗಿನದೊಂದು ಚೂರು ನಾಲಿಗೆಯ ಮೇಲೆ ಕೂತಿತು. ಪದರ ಪದರವಾಗಿ ಒಡೆಯುವ ಹಿಟ್ಟು, ಒಳಗೆ ಪಾಲಕ್, ಚೀಸ್, ಹುರಿದ ಈರುಳ್ಳಿ. ಕಣ್ಣು ಬಿಟ್ಟು ನೋಡಿದರೆ ಅವಳು ಒಂದು ಗೇಣು ದೂರದಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ರೆಪ್ಪೆ ಮಿಟುಕಿಸದೆ, ತುಟಿಯಿಂದ ಹುಬ್ಬಿಗೆ, ಹುಬ್ಬಿನಿಂದ ತುಟಿಗೆ.

ಅವನಿಗೆ ಅಗಿಯುವುದೇ ಮರೆತುಹೋಯಿತು.

ಈ ಎರಡು ವರ್ಷದಲ್ಲಿ ಅವಳು ಅವನನ್ನು ಹೀಗೆ ನೋಡಿದ್ದೇ ಇಲ್ಲ. ಅವನು ಮಾತ್ರ ಅವಳನ್ನು ನೋಡುತ್ತಲೇ ಇದ್ದ. ಗಿರಾಕಿಗಳು ಫ್ರೇಮ್ ಹಾಕಿಕೊಂಡು ಮುಖ ನೋಡಿಕೊಳ್ಳುವ ಕನ್ನಡಿ ಸ್ವಲ್ಪ ಬೀದಿಯ ಕಡೆಗೆ ವಾಲಿತ್ತು. ಅದರಲ್ಲಿ ಅವಳು ದಿನಾ ಬೆಳಿಗ್ಗೆ ಫುಟ್‌ಪಾತಿನ ಮೇಲೆ ಹೂವಿನ ಬಕೆಟ್‌ಗಳನ್ನು ಜೋಡಿಸುವುದು ಕಾಣುತ್ತಿತ್ತು. ಕನ್ನಡಿಯನ್ನು ಅವನು ಬೇಕೆಂದು ಹಾಗೆ ಇಟ್ಟದ್ದಲ್ಲ. ಬೇಕೆಂದು ಸರಿಮಾಡದೆ ಬಿಟ್ಟದ್ದು ಮಾತ್ರ ನಿಜ.

“ಹೇಗಿದೆ?”

“ಚೆನ್ನಾಗಿದೆ. ಸ್ವಲ್ಪ ಸಪ್ಪೆ.”

“ಎಲ್ಲಿ ಸಪ್ಪೆ? ಹಿಟ್ಟಾ, ಒಳಗಿನದಾ? ಇನ್ನೊಂದು ಥರದ್ದೂ ಇದೆ, ಇದನ್ನೂ ತಿನ್ನಿ. ನೀವು ಲೆನ್ಸ್ ಹಾಕಿ ಕೇಳ್ತೀರಲ್ಲ, ಹಾಗೆ ಹೇಳಿ. ಒಂದನೆಯದು ಚೆನ್ನಾಗಿದೆಯಾ, ಎರಡನೆಯದಾ?”

ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು. ಬರುವ ಭಾನುವಾರ ಅವಳ ಅಕ್ಕನ ಐವತ್ತನೇ ಹುಟ್ಟುಹಬ್ಬ. ತಾಯಿಯಿಲ್ಲದ ತಂಗಿಯನ್ನು ಬೆಳೆಸಿ ದೊಡ್ಡದು ಮಾಡಿದ ಅಕ್ಕ. ಊರಿನವರೆಲ್ಲರ ಹುಟ್ಟುಹಬ್ಬಕ್ಕೂ ಆಕೆಯೇ ಒಲೆ ಮುಂದೆ ನಿಂತವಳು. ಈ ಸಲ ಊಟಕ್ಕೆ ಮುಂಚೆ ಎಲ್ಲರ ಕೈಗೂ ಕೊಡುವ ತಿಂಡಿಯನ್ನು ತಾನೇ ಬೇಕ್ ಮಾಡಿ ತರುತ್ತೇನೆ, ಅಂಗಡಿಯದಲ್ಲ, ಯಾರೂ ತಿಂದಿರದ ಹೊಸದು ಎಂದು ತಂಗಿ ಮಾತು ಕೊಟ್ಟಿದ್ದಳು. ಹೊಸದೆಂದರೆ ಈ ಸುರುಳಿಗಳು.

“ಎರಡನೆಯದು,” ಎಂದ ಅವನು.

ಬುಧವಾರ ಮತ್ತೆ ಡಬ್ಬ ಬಂತು. ಈ ಸಲ ಮೆಣಸು ಜೋರಾಗಿತ್ತು. ಅವನು ಬಾಯಿ ಬಿಡುವ ಮೊದಲೇ, ಅವನ ಕಣ್ಣಂಚಿನ ನೀರು ನೋಡಿ, “ಮೆಣಸು ಅರ್ಧ ಸಾಕು,” ಎಂದು ತನ್ನಷ್ಟಕ್ಕೆ ಹೇಳಿಕೊಂಡು ಚೀಟಿಯಲ್ಲಿ ಬರೆದುಕೊಂಡಳು. ಅವನ ಮುಖದ ಒಂದೊಂದು ಗೆರೆಯನ್ನೂ ಅವಳು ಹೀಗೆ ಓದುವುದು ಕಂಡು ಕನ್ನಡಕದವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ರಾತ್ರಿಯ ಊಟಕ್ಕೆ ಅಮ್ಮ ಬಡಿಸಿದ್ದೇನೆಂದು ಕೇಳಿದ್ದರೆ ಅವನಿಗೆ ಹೇಳಲಾಗುತ್ತಿರಲಿಲ್ಲ.

ಶುಕ್ರವಾರ ಅವನೇ ತಡೆಯಲಾರದೆ ಐದು ಗಂಟೆಗೆ ಹೂವಿನಂಗಡಿಗೆ ಹೋದ. ಹೂದಾನಿಯೊಂದರ ನೀರು ಕೆಟ್ಟು, ಬಾಗಿಲ ತನಕ ಕೊಳೆತ ನಾತ ಹೊಡೆಯುತ್ತಿತ್ತು. ಅವಳು ಅದರ ಮೇಲೆಯೇ ಬಗ್ಗಿ, ಹಾಡು ಗುನುಗುತ್ತ ಗುಲಾಬಿಯ ತೊಟ್ಟು ಕತ್ತರಿಸುತ್ತಿದ್ದಳು. ಹೂವಿನ ಜೊತೆ ಬದುಕುವವರಿಗೆ ಇದೆಲ್ಲ ರೂಢಿಯೇನೋ ಎಂದುಕೊಂಡ. ಪ್ರೀತಿಯಲ್ಲಿ ಬಿದ್ದವನ ತಲೆ ಎಷ್ಟು ಕೆಲಸ ಮಾಡಬಹುದೋ ಅಷ್ಟೇ ಮಾಡಿತು.

“ಇದೇ ಕೊನೇದು ಡಾಕ್ಟ್ರೇ,” ಎಂದು ಅವಳು ತಟ್ಟೆ ಮುಂದಿಟ್ಟಳು. ಎಡಗೈಯ ಬೆರಳಿಗೆ ಬ್ಯಾಂಡೇಜು. ಹುಬ್ಬಿನ ಮೇಲೆ ಬೆಳಿಗ್ಗೆಯ ಮೈದಾ ಹಾಗೇ ಇತ್ತು. “ಇದೂ ಸರಿಯಿಲ್ಲ ಅಂದ್ರೆ ಬೇಕರಿಯಿಂದ ತಗೊಂಡು ಹೋಗ್ತೀನಿ. ಅಕ್ಕ ಏನೂ ಅನ್ನಲ್ಲ. ಅನ್ನಲ್ಲ ಅನ್ನೋದೇ ಕಷ್ಟ.”

ಕನ್ನಡಕದವನು ಸುರುಳಿ ಕಚ್ಚಿದ.

ನಾಲಿಗೆ ಗಾಬರಿಯಾಯಿತು. ಕ್ಷೌರದಂಗಡಿಯ ನೊರೆಯನ್ನೂ ಹಳೇ ಬೀರುವಿನ ನುಸಿಗುಳಿಗೆಯನ್ನೂ ಒಟ್ಟಿಗೆ ಅರೆದು ಚೀಸಿನಲ್ಲಿ ಕಲಸಿದಂತಿತ್ತು. ಎದುರಿಗೆ ಅದೇ ಮುಖ, ಒಂದು ಗೇಣು ದೂರ, ಅದೇ ಕಣ್ಣು. ಅವಳ ಉಸಿರು ನಿಂತಿರುವುದು ಅವನಿಗೆ ಕಾಣುತ್ತಿತ್ತು.

ಯಾವ ಫ್ರೇಮ್ ಹಾಕಿಕೊಂಡು ಬಂದರೂ ‘ನಿಮಗೆ ಒಪ್ಪುತ್ತೆ ಸರ್’ ಎಂದು ಹತ್ತು ವರ್ಷ ಹೇಳಿ ಪಳಗಿದ ಮುಖ ಅವನದು. ಅದನ್ನು ಒಂದು ಗೆರೆಯೂ ಅಲುಗದಂತೆ ಹಿಡಿದು ನಿಲ್ಲಿಸಿದ.

“ಅದ್ಭುತ,” ಎಂದ.

“ನಿಜವಾಗ್ಲೂ?”

“ನಿಜವಾಗ್ಲೂ. ಇನ್ನೊಂದು ಕೊಡಿ.”

ಅವಳ ಭುಜಗಳು ಕೆಳಗಿಳಿದವು. “ಅಬ್ಬಾ! ಸಪ್ಪೆ ಅಂದ್ರಲ್ಲ ಅವತ್ತು, ಅದಕ್ಕೇ ಜಾಯಿಕಾಯಿ ಜಾಸ್ತಿ ಮಾಡಿದೆ. ಪುಸ್ತಕದಲ್ಲಿ ಚಿಟಿಕೆ ಅಂತಿತ್ತು, ಒಂದು ಚಮಚ ಹಾಕಿದೀನಿ. ತಿನ್ನಿ, ಸಂಕೋಚ ಬೇಡ.”

ಅವನು ಆರು ತಿಂದ. ಅವಳು ಖುಷಿಯಿಂದ ಬಡಿಸುತ್ತ ಹೋದಳು. ಮಿಕ್ಕಿದ್ದನ್ನು ಕಟ್ಟಿಕೊಟ್ಟು, “ಭಾನುವಾರ ನೀವೂ ಬರ್ಬೇಕು. ನಾಲ್ಕು ಗಂಟೆಗೆ ಅಕ್ಕನ ಮನೇಲಿ. ಬೆಳಿಗ್ಗೆ ಹತ್ತಕ್ಕೇ ನಮ್ಮನೆಗೆ ಬಂದ್ರೆ ಟ್ರೇ ಹೊರೋಕೂ ಒಬ್ಬರು ಸಿಕ್ಕ ಹಾಗಾಗುತ್ತೆ,” ಎಂದಳು.

ಮನೆಯಲ್ಲಿ ಅಮ್ಮ ಪೊಟ್ಟಣ ಬಿಚ್ಚಿ ಒಂದನ್ನು ಬಾಯಿಗೆ ಹಾಕಿಕೊಂಡರು. ಹಾಕಿಕೊಂಡಷ್ಟೇ ಬೇಗ ಸಿಂಕಿನ ಕಡೆ ಓಡಿದರು.

“ಯಾರೋ ಇದು ಮಾಡಿದ್ದು? ಸೋಪು ತುರಿದು ಹಾಕಿದಾರೆ!”

ಮಗನ ಕಿವಿ ಕೆಂಪಾದದ್ದನ್ನು ಅಮ್ಮ ಆಗಲೇ ನೋಡಿದ್ದರು.

“ಓಹೋ, ಹೂವಿನವಳು. ನೀನೇನಂದೆ?”

“ಅದ್ಭುತ ಅಂದೆ.”

“ಅಯ್ಯೋ ನನ್ನ ಕಂದ!” ಅಮ್ಮ ಬಾಯಿ ಒರೆಸಿಕೊಂಡರು. “ಇಷ್ಟ ಇದ್ರೆ ಇಷ್ಟ ಅನ್ನು. ಅದು ಬಿಟ್ಟು ಸೋಪು ತಿಂದು ಚಪ್ಪರಿಸಿದ್ರೆ ಆಯ್ತೇನೋ?”

“ಅವರೂ ತಿಂದಿರ್ತಾರಲ್ಲಮ್ಮ. ಗೊತ್ತಾದ್ರೆ ಕಡಿಮೆ ಮಾಡ್ತಾರೆ ಬಿಡು.”

ಆ ಮಾತು ಅವನಿಗೇ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಶನಿವಾರವಿಡೀ ಅವನು ಮತ್ತೆ ಅದರ ಯೋಚನೆ ಮಾಡಲಿಲ್ಲ. ಇಸ್ತ್ರಿ ಮಾಡಿದ ನೀಲಿ ಶರ್ಟಿನ ಬಗ್ಗೆ ಮಾತ್ರ ಯೋಚಿಸಿದ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ಅವಳ ಕಟ್ಟಡದ ಎರಡನೇ ಮಹಡಿ ಹತ್ತುತ್ತಿದ್ದವನಿಗೆ ಸುಟ್ಟ ವಾಸನೆ ಬಡಿಯಿತು. ಮೂರನೇ ಮಹಡಿಗೆ ಬಂದಾಗ ವಾಸನೆ ದಟ್ಟವಾಯಿತು. ಅದು ಅವಳ ಬಾಗಿಲ ಸಂದಿಯಿಂದ ಬರುತ್ತಿತ್ತು. ಬಾಗಿಲು ತಟ್ಟುವಷ್ಟೂ ತಾಳ್ಮೆಯಿಲ್ಲದೆ ತಳ್ಳಿದ. ಚಿಲಕ ಹಾಕಿರಲಿಲ್ಲ.

ಮುಂದಿನ ಕೋಣೆಯಲ್ಲಿ ಅವಳು ಅಡುಗೆಮನೆಗೆ ಬೆನ್ನು ಹಾಕಿ ನಿಂತು, ಸಂಜೆಯ ಉಡುಪಿಗೆ ನಿಶ್ಚಿಂತೆಯಿಂದ ಇಸ್ತ್ರಿ ಮಾಡುತ್ತಿದ್ದಳು. “ಬಂದ್ರಾ! ಐದು ನಿಮಿಷ ಮುಂಚೇನೇ...” ಎನ್ನುತ್ತ ತಿರುಗಿದವಳನ್ನು ದಾಟಿಕೊಂಡು ಅವನು ಒಳಗೆ ಓಡಿದ. ಓವನ್ ಆರಿಸಿದ. ಬಾಗಿಲು ತೆರೆದರೆ ತಳಕ್ಕೆ ಜಾರಿದ್ದ ಬೆಣ್ಣೆಕಾಗದ ಕರಕಲಾಗಿ ಹೊಗೆ ಉಗುಳುತ್ತಿತ್ತು. ಅದನ್ನು ಇಕ್ಕಳದಲ್ಲಿ ಹಿಡಿದು ಸಿಂಕಿಗೆ ಎಸೆದು ನಲ್ಲಿ ಬಿಟ್ಟು, ಕಿಟಕಿಗಳನ್ನೆಲ್ಲ ತೆರೆದ. ಕೆಮ್ಮು ನಿಂತ ಮೇಲೆ ತಿರುಗಿ ನೋಡಿದ.

ಅವಳು ಅಡುಗೆಮನೆಯ ಬಾಗಿಲಲ್ಲಿ ಬಿಳುಚಿಕೊಂಡು ನಿಂತಿದ್ದಳು.

“ನಿಮಗೆ ವಾಸನೆ ಬರಲಿಲ್ವಾ?” ಎಂದ ಅವನು. “ನನಗೆ ಮೆಟ್ಟಿಲಲ್ಲೇ ಬಂತಲ್ಲ!”

ಅವಳು ಕುರ್ಚಿ ಎಳೆದುಕೊಂಡು ಕೂತಳು.

“ಬರಲ್ಲ,” ಎಂದಳು. “ಯಾವುದೂ ಬರಲ್ಲ. ಏಳು ತಿಂಗಳಾಯ್ತು. ಚಳಿಗಾಲದಲ್ಲಿ ಜ್ವರ ಬಂದಿತ್ತಲ್ಲ, ಬಿಟ್ಟು ಹೋಗುವಾಗ ಮೂಗನ್ನೂ ಜೊತೆಗೆ ತಗೊಂಡು ಹೋಯ್ತು. ಗುಲಾಬಿನೂ ಅಷ್ಟೇ, ಹೊಗೆನೂ ಅಷ್ಟೇ. ನಾಲಿಗೆಗೆ ಉಪ್ಪು, ಹುಳಿ, ಸಿಹಿ ಇಷ್ಟು ಗೊತ್ತಾಗುತ್ತೆ. ಮಿಕ್ಕಿದ್ದು ಬಾಯೊಳಗೆ ಹತ್ತಿ ಇಟ್ಟ ಹಾಗೆ.”

“ಯಾರಿಗೂ ಹೇಳಿಲ್ವಾ?”

“ಯಾರಿಗೆ ಹೇಳಲಿ? ವಾಸನೆ ಗೊತ್ತಾಗದವಳನ್ನ ಹೂವಿನಂಗಡೀಲಿ ಯಾರು ಇಟ್ಕೋತಾರೆ? ಅಕ್ಕನಿಗೆ ಹೇಳಿದ್ರೆ, ಗ್ಯಾಸು, ಒಲೆ ಅಂತ ಹೆದರಿ, ಇವತ್ತೇ ಗಂಟುಮೂಟೆ ಕಟ್ಟಿಸಿ ಅವಳ ಮನೆಗೆ ಕರ್ಕೊಂಡು ಹೋಗ್ತಾಳೆ. ಹಳೇ ಅಡುಗೆಗಳನ್ನ ಅಳತೆ ಮೇಲೆ, ನೆನಪಿನ ಮೇಲೆ ಮಾಡ್ತಿದ್ದೆ. ಯಾರಿಗೂ ತಿಳೀಲಿಲ್ಲ. ಹೊಸದಕ್ಕೆ ನೆನಪು ಎಲ್ಲಿಂದ ತರ್ಲಿ?” ಅವಳು ತಲೆ ಎತ್ತಿದಳು. “ಅದಕ್ಕೇ ನಿಮ್ಮ ಹತ್ರ ಬಂದೆ. ನಿಮ್ಮ ಮುಖದಲ್ಲಿ ಎಲ್ಲ ಕಾಣುತ್ತೆ ಡಾಕ್ಟ್ರೇ. ಮುಖ ನೋಡ್ಕೊಂಡೇ ರುಚಿ ಹಿಡೀತಿದ್ದೆ.”

ಹಾಗಾದರೆ ಆ ನೋಟ ಅದಕ್ಕೆ. ಕನ್ನಡಕದವನೊಳಗೆ ವಾರವಿಡೀ ಎದ್ದು ಕುಣಿಯುತ್ತಿದ್ದದ್ದೇನೋ ಮೆಲ್ಲಗೆ ಕೂತುಕೊಂಡಿತು.

ಕೂತದ್ದು ಮರುಗಳಿಗೆಯೇ ಮತ್ತೆ ಎದ್ದಿತು, ಈ ಸಲ ಭಯದಿಂದ. ಮೇಜಿನ ಮೇಲೆ ಮೂರು ಟ್ರೇಗಳಲ್ಲಿ ತೊಂಬತ್ತು ಸುರುಳಿಗಳು ಹೊಂಬಣ್ಣಕ್ಕೆ ಬೆಂದು, ಸಾಲಾಗಿ, ಚೆಂದಕ್ಕೆ ಕೂತಿದ್ದವು. ಅವುಗಳ ವಾಸನೆ ಈಗ ಹೊಗೆಯನ್ನು ಮೀರಿ ಬರುತ್ತಿತ್ತು.

“ಇದರಲ್ಲೂ...” ಅವನು ಟ್ರೇ ತೋರಿಸಿದ. “ಇದರಲ್ಲೂ ಶುಕ್ರವಾರದ ಹಾಗೇನಾ? ಜಾಯಿಕಾಯಿ?”

“ಹಾಗೇನೇ. ಮೂರು ಪಟ್ಟು ಅಳತೆ, ಮೂರು ಚಮಚ. ಯಾಕೆ?”

ಸುಮ್ಮನಿದ್ದುಬಿಟ್ಟರೆ ನಾಲ್ಕು ಗಂಟೆಯವರೆಗೆ ಅವಳು ಅವನನ್ನು ಒಳ್ಳೆಯವನೆಂದೇ ತಿಳಿದಿರುತ್ತಾಳೆ. ನಾಲ್ಕು ಗಂಟೆಗೆ ಅಕ್ಕ ಮೊದಲನೆಯದನ್ನು ಕಚ್ಚುತ್ತಾರೆ.

“ಶುಕ್ರವಾರ ನಾನು ಸುಳ್ಳು ಹೇಳಿದೆ,” ಎಂದ ಅವನು. “ಅದು ಚೆನ್ನಾಗಿರಲಿಲ್ಲ. ತಿನ್ನೋಕೆ ಆಗ್ತಿರಲಿಲ್ಲ. ನಮ್ಮಮ್ಮ ಸೋಪು ಅಂದ್ರು.”

ಅವಳು ಎದ್ದು ಸಿಂಕಿನ ನಲ್ಲಿ ನಿಲ್ಲಿಸಿದಳು.

“ಆರು ತಿಂದ್ರಲ್ಲ,” ಎಂದಳು ಅವಳು ಸಣ್ಣ ದನಿಯಲ್ಲಿ.

“ತಿಂದೆ.”

“ಆರು! ಯಾಕ್ರೀ ತಿಂದ್ರಿ?”

“ನೀವು ಬಡಿಸ್ತಾ ಇದ್ರಿ.”

“ನಗಬೇಡಿ!”

“ನಗ್ತಿಲ್ಲ.”

“ನಿಮ್ಮೊಬ್ಬರನ್ನ ನಂಬಿದೆ ನಾನು. ಇಡೀ ಬೀದೀಲಿ ಬೇರೆ ಯಾರೂ ಸಿಗಲಿಲ್ವಾ ನನಗೆ? ಇವರ ಮುಖಕ್ಕೆ ಸುಳ್ಳು ಹೇಳೋಕೆ ಬರಲ್ಲ ಅಂತ ನಿಮ್ಮನ್ನ ಹುಡುಕಿಕೊಂಡು ಬಂದೆ. ನನ್ನ ಸಮಾಧಾನಕ್ಕೆ ಅಂತ ಹೇಳಿದ ಆ ಒಂದು ಸುಳ್ಳು ಐವತ್ತು ಜನರ ಬಾಯಿಗೆ ಹೋಗ್ತಿತ್ತು.”

ಎರಡು ವರ್ಷದಿಂದ ಒಳಗಿದ್ದದ್ದನ್ನು ಹೇಳುವ ಹೊತ್ತು ಇದಲ್ಲ. ಗೋಡೆಯ ಗಡಿಯಾರ ನೋಡಿದ. ಹತ್ತೂ ಇಪ್ಪತ್ತು.

“ಹಿಟ್ಟು ಉಳಿದಿದೆಯಾ?” ಎಂದ.

“ಫ್ರಿಜ್‌ನಲ್ಲಿ ಎರಡು ಉಂಡೆ ಇದೆ. ಆದರೆ ಪಾಲಕ್ ಇಲ್ಲ, ಚೀಸ್ ಇಲ್ಲ...”

ಮುಂದಿನದನ್ನು ಕೇಳಲು ಅವನು ಅಲ್ಲಿರಲಿಲ್ಲ. ಮೆಟ್ಟಿಲಲ್ಲಿ ಅವನ ಹೆಜ್ಜೆ ಕೇಳುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಎರಡು ಚೀಲ ಹೊತ್ತು, ನೀಲಿ ಶರ್ಟೆಲ್ಲ ಬೆವರಾಗಿ ವಾಪಸು ಬಂದ. ಅವಳು ಮುಖ ತೊಳೆದುಕೊಂಡು, ಕೂದಲು ಎತ್ತಿ ಕಟ್ಟಿ, ಟ್ರೇಗಳನ್ನು ಖಾಲಿ ಮಾಡಿ, ಮೇಜಿನ ಮೇಲೆ ಮೈದಾ ಉದುರಿಸಿ ಲಟ್ಟಿಸುತ್ತಿದ್ದಳು. ಅವನು ಪಾಲಕ್ ತೊಳೆದ, ಈರುಳ್ಳಿ ಹೆಚ್ಚಿದ, ಈರುಳ್ಳಿಗೂ ಅವಳ ಮಾತಿಗೂ ಒಟ್ಟಿಗೆ ಅತ್ತ. ಬಾಣಲೆಯಲ್ಲಿ ಬೆಳ್ಳುಳ್ಳಿ, ಮೆಣಸು ಬಿದ್ದು ಹೂರಣ ಸಿದ್ಧವಾದಾಗ ಅವಳು ಚಮಚ ಹಿಡಿದು ಎದುರು ನಿಂತಳು.

“ಈಗ ನಿಮ್ಮ ಮುಖ ನೋಡಲ್ಲ ನಾನು,” ಎಂದಳು. ನಿಜವಾಗಿಯೂ ಕಿಟಕಿಯ ಕಡೆ ತಿರುಗಿಕೊಂಡಳು. “ಬಾಯಿಬಿಟ್ಟು ಹೇಳಿ.”

ಅವನು ರುಚಿ ನೋಡಿದ. ಒಳ್ಳೆಯ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದ.

“ಬೆಳ್ಳುಳ್ಳಿ ಮುಂದೆ ಬಂದು ನಿಂತಿದೆ. ಪಾಲಕ್ ಎಲ್ಲೋ ಹಿಂದೆ ಬಿದ್ದಿದೆ. ಚೀಸ್ ಇನ್ನೂ ಬೇಕು.”

“ಎಷ್ಟು?”

“ಒಂದು ಹಿಡಿ.” ಅವಳು ಹಾಕಿ ಕಲಸಿದಳು. ಅವನು ಮತ್ತೆ ತಿಂದ. “ಈಗ ಸರಿ. ಇಲ್ಲ, ಸರಿಯಿಲ್ಲ. ಏನೋ ಒಂದು ಕೊರತೆ. ಹುಳಿ?”

ಅವಳು ನಿಂಬೆಹಣ್ಣು ಕೊಯ್ದು ಎರಡು ಹನಿ ಹಿಂಡಿದಳು.

“ಈಗ,” ಎಂದವನು ಇನ್ನೊಂದು ಚಮಚ ತುಂಬಿಕೊಂಡ.

“ಈಗ ಏನು?”

“ಚಮಚ ಕೆಳಗಿಡೋಕೆ ಮನಸ್ಸು ಬರ್ತಿಲ್ಲ.”

ಅವಳ ಬೆನ್ನು ನಕ್ಕಿತೋ ಏನೋ, ಅಲುಗಿದ್ದು ಕಂಡಿತು.

ಮೊದಲ ಟ್ರೇ ಒಳಗೆ ಹೋದ ಮೇಲೆ ಇಬ್ಬರೂ ಓವನ್ ಮುಂದೆ ನೆಲದ ಮೇಲೆಯೇ ಕೂತರು. ಕಿಟಕಿಯಿಂದ ಬಂದ ಬಿಸಿಲು ಅವಳ ಮೊಣಕೈಯ ಮೈದಾದ ಮೇಲೆ ಬಿದ್ದಿತ್ತು.

“ಹೇಗೆ ಬರ್ತಿದೆ ವಾಸನೆ?” ಎಂದಳು.

“ಚೆನ್ನಾಗಿ...”

“ಚೆನ್ನಾಗಿ ಅನ್ಬೇಡಿ. ಹೇಗೆ ಅಂತ ಹೇಳಿ.”

ಅವನು ಕಣ್ಣು ಮುಚ್ಚಿದ. “ಮೊದಲು ಬೆಣ್ಣೆ. ಕರಗೋಕೆ ಶುರುವಾದಾಗಿನದು, ತಣ್ಣಗಿನ ವಾಸನೆ. ಅದರ ಹಿಂದೆ ಹಿಟ್ಟು, ಇನ್ನೂ ಹಸಿ ಹಸಿ, ಒಗೆದ ಬಟ್ಟೆ ನೆರಳಲ್ಲಿ ಒಣಗಿದ ಹಾಗೆ. ತಡೀರಿ.” ಓವನ್ ಕಡೆ ಬಗ್ಗಿ ಮತ್ತೆ ಮತ್ತೆ ಉಸಿರೆಳೆದುಕೊಂಡ. “ಈಗ ಈರುಳ್ಳಿ ಸಿಹಿಯಾಗ್ತಿದೆ. ಚೀಸ್ ಅಂಚಲ್ಲಿ ಕೆಂಪಗಾಗ್ತಿರಬೇಕು, ಹುರಿದ ಬೀಜದ ಥರ ಬರ್ತಿದೆ. ಹಿಟ್ಟಿನ ಹಸಿ ಹೋಯ್ತು. ಈಗ ಬಿಸಿಲಿಗೆ ಹಾಕಿದ ಹಾಸಿಗೆಯನ್ನ ಸಂಜೆ ಒಳಗೆ ತಂದಾಗ ಬರುತ್ತಲ್ಲ, ಆ ಥರ.”

ಕಣ್ಣು ತೆರೆದರೆ ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು.

“ನಿಲ್ಲಿಸಿದ್ರಿ ಯಾಕೆ?” ಎಂದಳು. “ಏಳು ತಿಂಗಳಾಯ್ತು ಈ ಅಡುಗೆಮನೇಲಿ ವಾಸನೆ ಬಂದು. ಹೇಳಿ.”

ಅವನು ಹೇಳಿದ. ಮೂರು ಟ್ರೇ ಬೇಯುವವರೆಗೂ ಹೇಳಿದ. ನಡುವೆ ಅವಳ ಕೋಪ ಯಾವಾಗ ಇಳಿದುಹೋಯಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

ನಾಲ್ಕು ಗಂಟೆಗೆ ಅಕ್ಕನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ಹುಟ್ಟುಹಬ್ಬದ ದಿನವೂ ಬಂದವರನ್ನು ಎಣಿಸಿ ಎಣಿಸಿ ಕೂರಿಸುತ್ತಿದ್ದರು. ತಂಗಿ ಟ್ರೇ ಹಿಡಿದು ಎದುರು ನಿಂತಾಗ ಒಂದು ಸುರುಳಿ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಕಚ್ಚಿದರು.

ಪಕ್ಕದಲ್ಲಿದ್ದ ಕನ್ನಡಕದವನ ತೋಳನ್ನು ಅವಳ ಬೆರಳುಗಳು ಹಿಡಿದುಕೊಂಡವು. ಯಾರ ತೋಳೆಂದು ನೋಡಿ ಹಿಡಿದಂತಿರಲಿಲ್ಲ.

ಅಕ್ಕ ನಿಧಾನವಾಗಿ ಅಗಿದರು. ನುಂಗಿದರು. “ಇದನ್ನ ನೀನೇ ಮಾಡಿದ್ಯಾ?”

“ಹೂಂ ಅಕ್ಕ.”

“ಟ್ರೇ ಇಲ್ಲಿ ಕೊಡು. ನನಗೆ ನಾಲ್ಕು ಎತ್ತಿಟ್ಟು ಆಮೇಲೆ ಬೇರೆಯವರಿಗೆ.”

ಕನ್ನಡಕದವನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಹತ್ತು ನಿಮಿಷದಲ್ಲಿ ಎರಡು ಟ್ರೇ ಖಾಲಿ.

ಅಕ್ಕ ನೀರಿಗೆಂದು ಅಡುಗೆಮನೆಗೆ ಹೋದಾಗ ಅವಳೂ ಹಿಂದೆಯೇ ಹೋದಳು. ಹೋಗುವಾಗ ಅವನ ತೋಳು ಬಿಡಲಿಲ್ಲವಾದ್ದರಿಂದ ಅವನೂ ಹೋಗಬೇಕಾಯಿತು. ಎಲ್ಲವನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಜ್ವರ, ಮೂಗು, ಬೆಳಗಿನ ಹೊಗೆ, ಯಾವುದನ್ನೂ ಬಿಡಲಿಲ್ಲ.

ಅಕ್ಕ ಲೋಟ ಕೆಳಗಿಟ್ಟರು. “ಏಳು ತಿಂಗಳು.”

“ಹೂಂ.”

“ನನ್ನ ಮನೆಗೆ ಬಂದಿರು ಅಂತೀನಿ ಅಂತ ಹೆದರಿದ್ಯಾ?”

“ಹೂಂ.”

“ಅಂತಿದ್ದೆ.” ಅಕ್ಕ ತಂಗಿಯ ತಲೆಯನ್ನು ಎಳೆದು ಭುಜಕ್ಕೆ ಒತ್ತಿಕೊಂಡರು. “ಈಗಲೂ ಅನ್ನಬೇಕು ಅನ್ಸುತ್ತೆ. ಆದರೆ ಅನ್ನಲ್ಲ. ಹೊಗೆ ಬಂದ್ರೆ ಕೂಗೋ ಯಂತ್ರ ಸಿಗುತ್ತೆ, ನಾಳೆ ಹಾಕಿಸು. ಡಾಕ್ಟರ ಹತ್ರ ಹೋಗು. ಇವೆರಡು ಮಾಡಿದ್ರೆ ನಿನ್ನ ಮನೇಲಿ ನೀನಿರು. ಕೆಲಸದ ಮಾತು, ಅಂಗಡಿಯವರ ಹತ್ರ ನೀನೇ ಮೊದಲು ಹೇಳು, ಬೇರೆಯವರಿಂದ ತಿಳಿಯೋದು ಬೇಡ. ಹೂವು ಕಟ್ಟೋದು ಕೈ ಕಣೇ, ಮೂಗಲ್ಲ.” ಆಮೇಲೆ ಭುಜದ ಮೇಲಿಂದ ಕನ್ನಡಕದವನನ್ನು ನೋಡಿದರು. “ನೀವು ಯಾರು?”

“ಪಕ್ಕದ ಅಂಗಡಿ,” ಎಂದ ಅವನು.

“ಅಷ್ಟೇನಾ?”

ಅಕ್ಕನ ಭುಜದಲ್ಲಿ ಮುಖ ಹುದುಗಿಸಿದ್ದವಳು ಅಳುವಿನ ನಡುವೆಯೇ ಕಿಸಕ್ಕನೆ ನಕ್ಕಳು.

ಆರೂವರೆಯ ಹೊತ್ತಿಗೆ, ಬೆಳಕು ಇನ್ನೂ ಇರುವಾಗಲೇ, ಇಬ್ಬರೂ ಖಾಲಿ ಟ್ರೇಗಳನ್ನು ಹಿಡಿದು ಬಸ್‌ಸ್ಟಾಪಿಗೆ ಬಂದರು. ಅವಳು ಬೆಂಚಿನ ಮೇಲೆ ಕೂತು ಕಾಲು ಚಾಚಿ, ದೊಡ್ಡದೊಂದು ಉಸಿರು ಬಿಟ್ಟಳು.

“ಎಷ್ಟು ಹಗುರ ಅನ್ಸುತ್ತೆ ಗೊತ್ತಾ? ಒಂದು ಮಾತು ಹೇಳೋಕೆ ಏಳು ತಿಂಗಳು ಒದ್ದಾಡಿದೀನಿ. ಹೇಳೋಕೆ ಎರಡು ನಿಮಿಷ ಸಾಕಾಯ್ತು.”

“ನನಗೂ ಒಂದಿದೆ,” ಎಂದ ಅವನು. “ಅಂಥದ್ದೇ. ಎರಡು ವರ್ಷದ್ದು.”

ಅವಳು ತಿರುಗಿದಳು.

“ಶುಕ್ರವಾರ ಯಾಕೆ ಸುಳ್ಳು ಹೇಳಿದೆ ಅಂತ ನೀವು ಕೇಳಲೇ ಇಲ್ಲ,” ಎಂದ. ಮಾತು ಒಂದೊಂದಾಗಿ ಬಂತು. “ನೀವು ಅಷ್ಟು ಹತ್ತಿರ ನಿಂತು ನೋಡ್ತಾ ಇದ್ರಿ. ನನಗೋಸ್ಕರ ನೋಡ್ತಿದೀರಿ ಅಂದುಕೊಂಡೆ. ಹಾಗಲ್ಲ ಅಂತ ಇವತ್ತು ಗೊತ್ತಾಯ್ತು, ಪರವಾಗಿಲ್ಲ. ಆದರೆ ನನ್ನ ಕಡೆಯಿಂದ ಇರೋದು ಇದೆ. ನನಗೆ ನೀವಂದ್ರೆ ತುಂಬಾ ಇಷ್ಟ. ಇದನ್ನ ಹೇಳದೆ ಇನ್ನೊಂದು ವಾರ ಹೋದ್ರೆ ಮತ್ತೆ ಏನಾದ್ರೂ ಕೆಟ್ಟದ್ದನ್ನ ತಿಂದು ಅದ್ಭುತ ಅಂದುಬಿಡ್ತೀನಿ.”

ರಸ್ತೆಯಲ್ಲಿ ಎರಡು ಸೈಕಲ್‌ಗಳು ಹಾದುಹೋದವು. ಅವಳು ಟ್ರೇಯ ಅಂಚಿಗೆ ಅಂಟಿದ್ದ ಹಿಟ್ಟಿನ ಚೂರನ್ನು ಉಗುರಿನಿಂದ ಕೆರೆದಳು.

“ಸೋಮವಾರ ರುಚಿಗೋಸ್ಕರವೇ ನೋಡಿದ್ದು,” ಎಂದಳು ಕೊನೆಗೆ. “ಸತ್ಯ ಹೇಳ್ತೀನಿ. ಬುಧವಾರ ಅರ್ಧರ್ಧ. ಶುಕ್ರವಾರ...” ಅವಳ ಕಿವಿಯ ತನಕ ಕೆಂಪೇರಿತು. “ಶುಕ್ರವಾರ ಸರಿಯಾಗಿ ರುಚಿ ಹಿಡಿಯೋ ಕಡೆ ಗಮನ ಇದ್ದಿದ್ರೆ, ನೀವು ಸುಳ್ಳು ಹೇಳಿದ್ದು ನನಗೆ ಗೊತ್ತಾಗ್ತಿರಲಿಲ್ವಾ?”

ಅವನು ಅವಳನ್ನೇ ನೋಡಿದ. ನಗಬೇಕೋ, ಎದ್ದು ನಿಲ್ಲಬೇಕೋ ತಿಳಿಯಲಿಲ್ಲ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರವನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತೆ ಸುಮ್ಮನೆ ಉಸಿರಾಡಿದ.

“ನಾಳೆ ಡಾಕ್ಟರ ಹತ್ರ ಹೋಗ್ಬೇಕು,” ಎಂದಳು ಅವಳು. “ವಾಸನೆ ವಾಪಸ್ ಬರಲ್ಲ ಅಂದುಬಿಡ್ತಾರೇನೋ ಅಂತ ಇಷ್ಟು ದಿನ ಹೋಗಿಲ್ಲ. ಒಬ್ಬಳೇ ಕೇಳಿಸಿಕೊಳ್ಳೋಕೆ ಭಯ.”

“ಬೆಳಿಗ್ಗೆ ಅಂಗಡಿ ತೆಗೆಯಲ್ಲ. ಜೊತೆಗೆ ಬರ್ತೀನಿ.”

“ವಾಸನೆ ವಾಪಸ್ ಬರಲ್ಲ ಅಂದುಬಿಟ್ರೆ?”

“ಪ್ರತಿದಿನ ಹೇಳ್ತೀನಿ. ಬೆಣ್ಣೆಯಿಂದ ಶುರುಮಾಡಿ.”

ತಿರುವಿನಲ್ಲಿ ಬಸ್ಸು ಕಾಣಿಸಿತು. ಅವಳು ಎದ್ದು, ದೊಡ್ಡ ಟ್ರೇಯನ್ನು ಅವನ ಕೈಗೆ ಕೊಟ್ಟು, ಖಾಲಿಯಾದ ಕೈಯಿಂದ ಅವನ ಇನ್ನೊಂದು ಕೈ ಹಿಡಿದಳು.

“ಬಾ,” ಎಂದಳು, “ಬಸ್ ಬಂತು.”

ಬನ್ನಿ ಅನ್ನಲಿಲ್ಲ. ಡಾಕ್ಟ್ರೇ ಅಂತಲೂ ಅನ್ನಲಿಲ್ಲ. ಕನ್ನಡಕದವನು ಹೋದ.